ಅಮ್ಮನಿಗೂ ಪರೀಕ್ಷೆ!

ಮಗನಿಗೆ ಈ ವರ್ಷ ಎಸ್ಸೆಸ್ಸೆಲ್ಸಿ. ಟಿ.ವಿ. ಬಂದ್, ನೆಂಟರ ಮನೆ ಬಂದ್. ಬೆಳಿಗ್ಗೆ 5 ಗಂಟೆಗೇ ಅವನನ್ನು ಎಬ್ಬಿಸಿ, ಹಾಲು ಕೊಟ್ಟು, ತೂಕಡಿಸದಂತೆ ಪಕ್ಕದಲ್ಲೇ ಕಾವಲು ಕೂರುತ್ತೀರಿ. ಅಲ್ಲ, ಆ ಹೊತ್ತಿನಲ್ಲಿ ನಿಮ್ಮ ಕೈಯಲ್ಲೂ ಒಂದು ಪುಸ್ತಕ ಇದ್ದರೆ ಹೇಗೆ?

ಮದುವೆ ಗೊತ್ತಾಯಿತೆಂದೋ, ಗಣಿತದಲ್ಲಿ ಫೇಲಾಯಿತೆಂದೋ ಅರ್ಧಕ್ಕೆ ಬಿಟ್ಟ ಓದು ನಿಮ್ಮದೂ ಒಂದಿರಬಹುದು. 'ಅಯ್ಯೋ, ಈ ವಯಸ್ಸಿನಲ್ಲಿ ಇದೆಲ್ಲ ಯಾಕ್ರೀ?' ಅನ್ನಬೇಡಿ.

2022ರಲ್ಲಿ ಕೇರಳದ ಮಲಪ್ಪುರಂನ ಅಂಗನವಾಡಿ ಶಿಕ್ಷಕಿಯೊಬ್ಬರು ಮಗನ ಜೊತೆಗೇ ಅಲ್ಲಿನ ಲೋಕಸೇವಾ ಆಯೋಗದ ಪರೀಕ್ಷೆ ಪಾಸು ಮಾಡಿದ್ದು ಸುದ್ದಿಯಾಗಿತ್ತು. ಮಗ ಹತ್ತನೇ ತರಗತಿಯಲ್ಲಿದ್ದಾಗ ಅವನಿಗೆ ಓದುವ ಹುಮ್ಮಸ್ಸು ಬರಲಿ ಎಂದು ಪುಸ್ತಕ ಹಿಡಿದವರು ಆಕೆ. ಹಿಂದಿನ ಪ್ರಯತ್ನಗಳು ಕೈಕೊಟ್ಟರೂ ಬಿಡಲಿಲ್ಲ. ಹಾಗಂತ ಇಬ್ಬರೂ ಸದಾ ಒಟ್ಟಿಗೆ ಕೂತು ಓದಿದವರಲ್ಲ! ಮಗನಿಗೆ ಒಬ್ಬನೇ ಓದುವುದು ಇಷ್ಟ. ಅಮ್ಮನಿಗೆ ಕೆಲಸ ಮುಗಿದ ಮೇಲೆ ಸಿಕ್ಕ ಬಿಡುವೇ ಗತಿ. ದಾರಿ ಒಂದೇ, ನಡಿಗೆ ಅವರವರದು.

ನಿಮ್ಮ ಹತ್ತನೇ ತರಗತಿಯೇ ಮುಗಿದಿಲ್ಲವೇ? ಎನ್‌ಐಓಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. ವಯಸ್ಸು ಹೆಚ್ಚಾಯಿತು ಎಂಬ ಮಾತೇ ಅಲ್ಲಿಲ್ಲ. 5 ವಿಷಯ ಪಾಸು ಮಾಡಿದರೆ ಸಾಕು, ಅದಕ್ಕೆ 5 ವರ್ಷ ಸಮಯವಿದೆ. ಗಣಿತ ಕಡ್ಡಾಯವೂ ಅಲ್ಲ! ಪದವಿ ಓದುವ ಆಸೆಯಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ.

ಹೊರಡುವ ಮುನ್ನ ಕೆಲವು ಕಿವಿಮಾತು:

* ಕುಕ್ಕರ್ ಕೂಗುವ ಹೊತ್ತಿನಲ್ಲಿ ಓದು ತಲೆಗೆ ಹತ್ತದು. ದಿನಕ್ಕೆ ಮುಕ್ಕಾಲು ಗಂಟೆಯಾದರೂ ನಿಮ್ಮದೇ ಎಂದು ಮನೆಯವರಿಗೆ ಹೇಳಿಬಿಡಿ. ಆ ಹೊತ್ತಿನ ಕಾಫಿ ಯಜಮಾನರೇ ಮಾಡಿಕೊಳ್ಳಲಿ.

* 'ಇಷ್ಟೆಲ್ಲ ಕೆಲಸದ ಮಧ್ಯೆ ನಾನೇ ಓದ್ತೀನಿ, ನಿನಗೇನು ಕಷ್ಟ?' ಎಂದಿರೋ, ಮುಗಿಯಿತು. ನಿಮ್ಮ ಪುಸ್ತಕ ಅವನ ಪಾಲಿಗೆ ಹೊಸ ಬೆತ್ತವಾಗುತ್ತದೆ.

* ತಿಳಿಯದ್ದನ್ನು ಅವನನ್ನೇ ಕೇಳಿ, ಸಂಕೋಚ ಬೇಡ. ನಿಮಗೆ ಹೇಳಿಕೊಡುತ್ತಾ ಅವನಿಗೂ ಪಾಠ ಗಟ್ಟಿಯಾಗುತ್ತದೆ.

* ಅಂಕ ಕಮ್ಮಿ ಬಂದರೆ ಮುಚ್ಚಿಡಬೇಡಿ. ಬೇಜಾರಾಯಿತೆಂದು ಹೇಳಿ, ಮರುದಿನ ಮತ್ತೆ ಪುಸ್ತಕ ತೆಗೆಯಿರಿ.

ಈ ಕೊನೆಯ ಮಾತೇ ಮುಖ್ಯ. ಅಮ್ಮ ಫೇಲಾಗಿ ಮತ್ತೆ ಓದಲು ಕೂತದ್ದನ್ನು ಕಣ್ಣಾರೆ ಕಂಡ ಮಗು, ನಾಳೆ ತನಗೆ ಅಂಕ ಕಮ್ಮಿ ಬಂದಾಗ ಮನೆಗೆ ಬರಲು ಹೆದರುವುದಿಲ್ಲ.

ನಾಳೆ ಬೆಳಿಗ್ಗೆ 5ರ ಅಲಾರಂ ಇಬ್ಬರಿಗೂ ಇರಲಿ.