ತೊಳೆದಿಟ್ಟ ತಟ್ಟೆ, ಉಳಿದ ಹೊಳೆ

ಮಂತ್ರಿಯ ಮನೆಯವರು ಎಂದರೆ ನಮ್ಮ ಹಳ್ಳಿಗಳ ಕಡೆ ಜನರ ಮನಸ್ಸಿನಲ್ಲಿ ಒಂದು ಚಿತ್ರ ಇದೆ. ಕಾರಿನಿಂದ ಇಳಿಯುತ್ತಾರೆ, ದೀಪ ಹಚ್ಚುತ್ತಾರೆ, ಮೊದಲೇ ತೋಡಿಟ್ಟ ಗುಂಡಿಯಲ್ಲಿ ಒಂದು ಸಸಿ ಇಟ್ಟು ಫೋಟೊಗೆ ನಿಲ್ಲುತ್ತಾರೆ, ಹೊರಡುತ್ತಾರೆ. ಆ ಸಸಿಗೆ ನಾಳೆ ನೀರು ಹಾಕುವವರು ಯಾರು ಎಂದು ಯಾರೂ ಕೇಳುವುದಿಲ್ಲ. ತೇಜಸ್ವಿನಿ ಅನಂತಕುಮಾರ್ ಅವರ ಬಗ್ಗೆ ಬರೆಯಬೇಕು ಎಂದು ನನಗೆ ಅನ್ನಿಸಿದ್ದು, ಅವರು ಆ 'ನಾಳೆ'ಯ ಕೆಲಸವನ್ನೇ ಹಿಡಿದುಕೊಂಡರು ಎಂಬ ಕಾರಣಕ್ಕೆ. ಇನ್ನೊಂದು ಕಾರಣ ನಮ್ಮ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ. ಬೆಂಗಳೂರಿನ ಈ ಹೆಣ್ಣುಮಗಳಿಗೂ ಕಾವೇರಿ ದಡದ ನಮ್ಮ ಮುತ್ತತ್ತಿಗೂ ಏನು ಸಂಬಂಧ ಎನ್ನುತ್ತೀರಾ? ಸಂಬಂಧ ಇರುವುದು ಊಟದ ತಟ್ಟೆಯಲ್ಲಿ.

ಮುತ್ತು ಎತ್ತಿದ ಜಾಗ

ಸೀತಮ್ಮ ಕಾವೇರಿಯಲ್ಲಿ ಮೀಯುವಾಗ ಅವಳ ಮೂಗುತಿಯ ಮುತ್ತು ನೀರಿಗೆ ಬಿತ್ತಂತೆ. ಆಂಜನೇಯ ಬಾಲದಿಂದ ಹೊಳೆಯನ್ನು ಕಲಕಿ ಮುತ್ತನ್ನು ಎತ್ತಿಕೊಟ್ಟನಂತೆ. ಅದಕ್ಕೇ ಅವನು ಮುತ್ತೆತ್ತಿರಾಯ, ಊರು ಮುತ್ತೆತ್ತಿ, ಬಾಯಿಂದ ಬಾಯಿಗೆ ಬಂದು ಮುತ್ತತ್ತಿ. ಮಂಡ್ಯ, ರಾಮನಗರ, ಬೆಂಗಳೂರಿನ ಕಡೆಯಿಂದ ಜನ ಹರಕೆ ತೀರಿಸಲು ಇಲ್ಲಿಗೆ ಬರುತ್ತಾರೆ. ಹೊಳೆಯ ಪಕ್ಕ ಮೂರು ಕಲ್ಲಿಟ್ಟು ಒಲೆ ಹೂಡಿ, ಅಡುಗೆ ಮಾಡಿ, ಬಂಧುಬಳಗದ ಜೊತೆ ಉಂಡು ಹೋಗುತ್ತಾರೆ.

ಈ ಜಾಗ ಕಾವೇರಿ ವನ್ಯಧಾಮದೊಳಗಿದೆ. 1987ರಲ್ಲಿ ಘೋಷಣೆಯಾದ ಈ ಕಾಡಿನಲ್ಲಿ ಆನೆ, ಜಿಂಕೆ, ಚಿರತೆಗಳಿವೆ. ದಡದ ಹೊಳೆಮತ್ತಿ ಮರಗಳಲ್ಲಿ ಬೇರೆ ಕಡೆ ಅಷ್ಟಾಗಿ ಕಾಣಸಿಗದ ಬೂದು ಬಣ್ಣದ ದೊಡ್ಡ ಅಳಿಲು ವಾಸಿಸುತ್ತದೆ. ನೀರಿನಲ್ಲಿ ಮಹಶೀರ್ ಮೀನುಗಳಿವೆ.

ಸೋಮವಾರ ಬೆಳಗ್ಗೆ ಅಲ್ಲಿಗೆ ಹೋದವರಿಗೆ ಇವುಗಳಿಗಿಂತ ಮೊದಲು ಕಾಣುವುದು ಬೇರೆಯೇ. ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ ಕಾಗದದ ತಟ್ಟೆಗಳು, ಪ್ಲಾಸ್ಟಿಕ್ ಲೋಟಗಳು, ಒಡೆದ ಬಾಟಲಿಗಳು. ಸಾರಿನ ವಾಸನೆ ಹಿಡಿದ ತಟ್ಟೆಯನ್ನು ಮಂಗ ನೆಕ್ಕುತ್ತದೆ, ಜಿಂಕೆ ತಿನ್ನುತ್ತದೆ. ಉಳಿದದ್ದನ್ನು ಮಳೆ ಹೊಳೆಗೆ ತಳ್ಳುತ್ತದೆ. ಅಲ್ಲಿಂದ ಮುಂದೆ ಸಂಗಮ, ಮೇಕೆದಾಟು, ಹೊಗೇನಕಲ್.

ಇಲ್ಲಿ ಇನ್ನೊಂದು ಮಾತು ನೆನೆಯಬೇಕು. ಬೆಂಗಳೂರಿನ ನಲ್ಲಿಗಳಲ್ಲಿ ಬರುವ ಕಾವೇರಿ ನೀರು ಶುದ್ಧವಾಗುವುದು ಇದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ಅಲ್ಲಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಪಂಪ್ ಮಾಡುತ್ತಾರೆ. ವಾರವಿಡೀ ನಮ್ಮ ಸೀಮೆಯಿಂದ ನೀರು ಬೆಂಗಳೂರಿಗೆ ಹೋಗುತ್ತದೆ. ಭಾನುವಾರ ಬೆಂಗಳೂರಿನಿಂದ ತಟ್ಟೆ ಲೋಟ ನಮ್ಮ ಹೊಳೆಗೆ ಬರುತ್ತದೆ. ಹಾಗೆಂದು ಬೆಂಗಳೂರಿನವರನ್ನಷ್ಟೇ ದೂರಿದರೆ ಆಗದು, ನಮ್ಮೂರವರ ಟ್ರ್ಯಾಕ್ಟರ್‌ಗಳಲ್ಲೂ ಅದೇ ತಟ್ಟೆಯ ಕಟ್ಟುಗಳಿರುತ್ತವೆ.

ವಿಮಾನದಿಂದ ಅಡುಗೆಮನೆಗೆ

ತೇಜಸ್ವಿನಿ ಎಂಜಿನಿಯರಿಂಗ್ ಓದಿದವರು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ವಿಜ್ಞಾನಿಯಾಗಿ, ಇಂದು 'ತೇಜಸ್' ಎಂದು ನಾವು ಕರೆಯುವ ಹಗುರ ಯುದ್ಧವಿಮಾನದ ಯೋಜನೆಯಲ್ಲಿ ಕೆಲಸ ಮಾಡಿದರು. ಅವರ ಪತಿ ಅನಂತಕುಮಾರ್ 1996ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆಯ್ಕೆಯಾದರು. ಅಲ್ಲಿಂದ ಸತತ ಆರು ಬಾರಿ ಗೆದ್ದು ಕೇಂದ್ರದಲ್ಲಿ ಮಂತ್ರಿಯೂ ಆದರು. ತೇಜಸ್ವಿನಿ ವಿಜ್ಞಾನಿಯ ಕೆಲಸ ಬಿಟ್ಟರು. ಅತ್ತೆ ಗಿರಿಜಾ ಶಾಸ್ತ್ರಿ ಅವರ ನೆನಪಿಗೆ ಕಟ್ಟಿದ 'ಅದಮ್ಯ ಚೇತನ' ಸಂಸ್ಥೆಯ ಹೊಣೆ ಹೊತ್ತರು.

ಸಂಸ್ಥೆಯ ದೊಡ್ಡ ಕೆಲಸ ಶಾಲೆ ಮಕ್ಕಳ ಬಿಸಿಯೂಟ. ಬೆಂಗಳೂರಿನ ಗುಟ್ಟಹಳ್ಳಿ, ಹುಬ್ಬಳ್ಳಿ, ಕಲಬುರಗಿಗಳಲ್ಲಿ ದೊಡ್ಡ ಅಡುಗೆಮನೆಗಳು ಎದ್ದವು. ಸಾವಿರಾರು ಮಕ್ಕಳಿಗೆ ಅನ್ನ ಸಾರು ಮಾಡುವ ಕಡೆ ಕಸ ಎಷ್ಟು ಬೀಳಬೇಡ? ಬಸಿದ ಗಂಜಿ, ತರಕಾರಿ ಸಿಪ್ಪೆ, ದಿನಸಿಯ ಚೀಲ, ಒಲೆಗೆ ಉರುವಲು ಎಲ್ಲವೂ ಇವೆ. ಇಲ್ಲಿಯೇ ಅವರೊಳಗಿನ ಎಂಜಿನಿಯರ್ ಎದ್ದು ನಿಂತರು ಅನ್ನಿಸುತ್ತದೆ. ಕಸವನ್ನು ಎಲ್ಲಿ ಸುರಿಯುವುದು ಎಂದು ಯೋಚಿಸುವ ಬದಲು, ಕಸ ಹುಟ್ಟುವುದೇ ಯಾಕೆ ಎಂದು ಹುಡುಕಿದರು. ಸತ್ವವಿರುವ ಗಂಜಿಯನ್ನು ಚರಂಡಿಗೆ ಬಿಡದೆ ಅಡುಗೆಗೇ ಬಳಸಿದರು. ಸಿಪ್ಪೆ ಅನಿಲಕ್ಕೂ ಗೊಬ್ಬರಕ್ಕೂ ಹೋಯಿತು. ಹೊಲದ ತ್ಯಾಜ್ಯವನ್ನು ಒತ್ತಿ ಮಾಡಿದ ಇಟ್ಟಿಗೆಯಂಥ ತುಂಡುಗಳು ಒಲೆಗೆ ಉರುವಲಾದವು. 'ಶೂನ್ಯ ಕಸದ ಅಡುಗೆಮನೆ' ಎಂದು ಅದು ಹೆಸರಾಯಿತು.

ಹಳ್ಳಿಯ ಅಜ್ಜಿಯರಿಗೆ ಇದು ಹೊಸದಲ್ಲ. ಗಂಜಿ ದನದ ಬಾನಿಗೆ, ಸಿಪ್ಪೆ ತಿಪ್ಪೆಗೆ, ಬೂದಿ ಪಾತ್ರೆ ಉಜ್ಜಲು. ಅಜ್ಜಿ ಒಂದು ಮನೆಗೆ ಮಾಡುತ್ತಿದ್ದುದನ್ನು ಇವರು ಊರಿಗಾಗುವಷ್ಟು ದೊಡ್ಡ ಅಡುಗೆಮನೆಯಲ್ಲಿ ಮಾಡಿ ತೋರಿಸಿದರು.

ಹಣವಿಲ್ಲದ ಬ್ಯಾಂಕು

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರ ಪ್ಲೇಟ್ ಬ್ಯಾಂಕ್. ಮದುವೆ, ಗೃಹಪ್ರವೇಶ, ಗಣೇಶನ ಹಬ್ಬ, ಯಾವುದೇ ಸಮಾರಂಭ ಇರಲಿ, ಸ್ಟೀಲ್ ತಟ್ಟೆ, ಲೋಟ, ಚಮಚಗಳನ್ನು ಅಲ್ಲಿಂದ ಒಯ್ಯಬಹುದು. ಬಾಡಿಗೆ ಇಲ್ಲ. ಊಟ ಮುಗಿದ ಮೇಲೆ ತೊಳೆದು ವಾಪಸ್ ಕೊಡಬೇಕು. ಅಷ್ಟೇ ನಿಯಮ.

ನಮ್ಮ ಊರುಗಳಲ್ಲೂ ಇಂಥ ಬ್ಯಾಂಕ್ ಇತ್ತು, ಆ ಹೆಸರು ಮಾತ್ರ ಇರಲಿಲ್ಲ. ರಾಮಮಂದಿರದ ಅಟ್ಟದ ಮೇಲೆ ಕೊಪ್ಪರಿಗೆ, ಹಂಡೆ, ಸೌಟುಗಳು ಇರುತ್ತಿದ್ದವು. ಯಾರ ಮನೆಯ ಮದುವೆಯಾದರೂ ಅವೇ ಪಾತ್ರೆ. ಊಟಕ್ಕೆ ಬಾಳೆಯ ಎಲೆ, ಇಲ್ಲವೇ ಮುತ್ತುಗದ ಎಲೆ. ಉಂಡ ಮೇಲೆ ಅದು ದನಕ್ಕೆ ಅಥವಾ ತಿಪ್ಪೆಗೆ. ಒಮ್ಮೆ ಬಳಸಿ ಬಿಸಾಡುವ ತಟ್ಟೆ ಬಂದ ಮೇಲೆ ತೊಳೆಯುವ ಕೆಲಸ ತಪ್ಪಿತು, ನಿಜ. ಆದರೆ ಆ ಕೆಲಸ ಎಲ್ಲಿಗೂ ಹೋಗಲಿಲ್ಲ. ನಾವು ತೊಳೆಯದ ತಟ್ಟೆಯನ್ನು ಹೊಳೆ ಹೊರಬೇಕಾಯಿತು.

ಕಾನೂನು ಇಲ್ಲವೆಂದಲ್ಲ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಕರ್ನಾಟಕ 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಬಂತು. ಬೇಡ ಎನ್ನುವುದು ಕಾನೂನಿನ ಕೆಲಸ. ಬೇಡವಾದದ್ದರ ಬದಲಿಗೆ ಏನು ಎಂದು ತೋರಿಸಲು ಪ್ಲೇಟ್ ಬ್ಯಾಂಕಿನಂಥದ್ದು ಬೇಕು.

ಭಾನುವಾರದ ವ್ರತ

2016ರ ಜನವರಿ 3, ಭಾನುವಾರ. ಅಂದು ಅದಮ್ಯ ಚೇತನದ 'ಹಸಿರು ಭಾನುವಾರ' ಆರಂಭವಾಯಿತು. ಪ್ರತಿ ಭಾನುವಾರ ಬೆಳಗ್ಗೆ ಬೆಂಗಳೂರಿನ ಒಂದು ಕಡೆ ಸೇರುವುದು, ಗಿಡ ನೆಡುವುದು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಬೆಂಗಳೂರಿನ ಮರಗಳನ್ನು ಲೆಕ್ಕ ಹಾಕಿದಾಗ ಏಳು ಜನರಿಗೆ ಸುಮಾರು ಒಂದು ಮರ ಮಾತ್ರ ಇತ್ತು. ಒಬ್ಬರಿಗೊಂದು ಮರ ಆಗಬೇಕು ಎಂಬುದು ಹಸಿರು ಭಾನುವಾರದ ಗುರಿ.

ಇದನ್ನು ಓದುವಾಗ ನನಗೆ ಅಮೆರಿಕದ ಲೇಡಿ ಬರ್ಡ್ ಜಾನ್ಸನ್ ನೆನಪಾಗುತ್ತಾರೆ. ಅವರ ಪತಿ ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ, ಹೆದ್ದಾರಿಗಳ ಪಕ್ಕದ ಜಾಹೀರಾತು ಫಲಕ, ಗುಜರಿ ರಾಶಿಗಳಿಗೆ ಕಡಿವಾಣ ಹಾಕುವ ಕಾನೂನು 1965ರಲ್ಲಿ ಬಂದದ್ದು ಮುಖ್ಯವಾಗಿ ಆಕೆಯ ಹಟದಿಂದ. 1973ರಲ್ಲಿ ಪತಿ ತೀರಿಕೊಂಡರು. ಆಕೆ ಸುಮ್ಮನಾಗಲಿಲ್ಲ. 1982ರಲ್ಲಿ, ತಮ್ಮ 70ನೇ ವಯಸ್ಸಿನಲ್ಲಿ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕಾಡುಹೂಗಳ ಅಧ್ಯಯನಕ್ಕಾಗಿ ಒಂದು ಕೇಂದ್ರವನ್ನು ಕಟ್ಟಿದರು. ಅದು ಇಂದಿಗೂ ನಡೆಯುತ್ತಿದೆ.

ಅಧಿಕಾರದ ಮನೆಯಲ್ಲಿದ್ದಾಗ ಒಳ್ಳೆಯ ಕೆಲಸ ಮಾಡುವುದು ಅಷ್ಟು ಕಷ್ಟವಲ್ಲ. ಕರೆದರೆ ಅಧಿಕಾರಿಗಳು ಬರುತ್ತಾರೆ, ಕೇಳಿದರೆ ದಾನಿಗಳು ಕೊಡುತ್ತಾರೆ. ಅಧಿಕಾರ ಹೋದ ಮರುದಿನ ಆ ಕೆಲಸ ಉಳಿಯುತ್ತದೆಯೇ ಎಂಬುದೇ ಪರೀಕ್ಷೆ. ತೇಜಸ್ವಿನಿಯವರಿಗೆ ಆ ಪರೀಕ್ಷೆ 2018ರ ನವೆಂಬರ್ 12ರಂದು ಎದುರಾಯಿತು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅನಂತಕುಮಾರ್ 59ನೇ ವಯಸ್ಸಿಗೇ ತೀರಿಕೊಂಡರು. 2019ರ ಚುನಾವಣೆಯಲ್ಲಿ ಆ ಕ್ಷೇತ್ರದ ಟಿಕೆಟ್ ತೇಜಸ್ವಿನಿಯವರಿಗೇ ಎಂದು ಬಹಳ ಜನ ಎಣಿಸಿದ್ದರು. ಸಿಗಲಿಲ್ಲ. ಮುಂದೆ ಪಕ್ಷದಲ್ಲಿ ಅವರಿಗೆ ಬೇರೆ ಹೊಣೆಗಳು ಬಂದವು, ಆ ಮಾತು ಬೇರೆ. ಹಸಿರು ಭಾನುವಾರ ಮಾತ್ರ ನಿಲ್ಲಲಿಲ್ಲ. ಟಿಕೆಟ್ ಕೊಡುವುದು, ಬಿಡುವುದು ಪಕ್ಷದ ಕೈಯಲ್ಲಿತ್ತು. ಭಾನುವಾರ ಗುದ್ದಲಿ ಹಿಡಿಯುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮುಂದಿನ ಹರಕೆಗೆ

ಆರು ಜನರ ಒಂದು ಸಂಸಾರ ಮುತ್ತತ್ತಿಯಲ್ಲಿ ಒಂದು ಹೊತ್ತು ಉಂಡರೆ ಆರು ತಟ್ಟೆ, ಆರು ಲೋಟ, ಆರು ಚಮಚ, ಒಟ್ಟು 18. ಅಂಥ 100 ಸಂಸಾರ ಬಂದರೆ 1,800. ಒಂದೇ ಭಾನುವಾರಕ್ಕೆ! ಇದನ್ನು ಸೊನ್ನೆ ಮಾಡಲು ಮಂತ್ರಿ ಬೇಡ, ಮಂತ್ರಿಯ ಮನೆಯವರೂ ಬೇಡ. ಮನೆಯ ಸ್ಟೀಲ್ ತಟ್ಟೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡರೆ ಸಾಕು. ಉಂಡ ಮೇಲೆ ಹೊಳೆಯಲ್ಲಿ ಸೋಪು ಹಾಕಿ ತೊಳೆಯಬೇಡಿ. ಎಂಜಲನ್ನು ಒರೆಸಿ ಡಬ್ಬಿಗೆ ತುಂಬಿ, ತಟ್ಟೆಗಳನ್ನು ಕಟ್ಟಿಕೊಂಡು ಬನ್ನಿ, ಮನೆಯಲ್ಲಿ ತೊಳೆಯಿರಿ. ಕುಲದವರೆಲ್ಲ ಸೇರುವ ದೊಡ್ಡ ಹರಕೆಯಾದರೆ ಊರಿನ ಸ್ತ್ರೀಶಕ್ತಿ ಸಂಘವೋ ದೇವಸ್ಥಾನವೋ 200 ತಟ್ಟೆ ಕೊಂಡಿಟ್ಟರೆ ಊರಿಗೇ ಒಂದು ಪ್ಲೇಟ್ ಬ್ಯಾಂಕ್ ಆಯಿತು.

ಮಕ್ಕಳೇ, ಈ ವಿಷಯದಲ್ಲಿ ನೀವು ನಮಗಿಂತ ಮುಂದಿದ್ದೀರಿ. ಶಾಲೆಯಲ್ಲಿ ಬಿಸಿಯೂಟ ಮುಗಿದ ಕೂಡಲೇ ನಲ್ಲಿಯ ಹತ್ತಿರ ಸಾಲು ನಿಂತು ನಿಮ್ಮ ತಟ್ಟೆಯನ್ನು ನೀವೇ ತೊಳೆದಿಡುತ್ತೀರಿ. ಸೋಮವಾರದಿಂದ ಶನಿವಾರದವರೆಗೆ ಮಾಡುವುದನ್ನು ಭಾನುವಾರ ಯಾಕೆ ಬಿಡಬೇಕು ಎಂದು ಅಪ್ಪ ಅಮ್ಮನನ್ನು ಕೇಳಿ. ನೀವು ಕೇಳಿದರೆ ಅವರು ಇಲ್ಲ ಎನ್ನಲಾರರು. ಆಂಜನೇಯ ಹೊಳೆಯಿಂದ ಮುತ್ತು ಎತ್ತಿದ ಜಾಗ ಅದು. ನಾವು ಬಿಸಾಡಿದ್ದನ್ನು ಎತ್ತಲು ಅವನನ್ನು ಮತ್ತೆ ಕರೆಯುವುದು ಬೇಡ.