ದುಡ್ಡು ಬರೋಕೆ ಪಿನ್ ಯಾಕೆ?

ಸೆಮಿಸ್ಟರ್ ಮುಗಿಯಿತೆಂದರೆ ನಮ್ಮ ಹಾಸ್ಟೆಲ್‌ನಲ್ಲಿ ಸಂತೆ ಶುರು. ಡ್ರಾಫ್ಟರ್, ಹಳೇ ಸೈಕಲ್, ಗೇಮಿಂಗ್ ಮೌಸ್ ಎಲ್ಲದರ ಫೋಟೊ ಆನ್‌ಲೈನ್‌ಗೆ ಏರುತ್ತದೆ. ಹೋದ ವರ್ಷ ರೂಮ್‌ಮೇಟ್ ಸೈಕಲ್ ಮಾರಾಟಕ್ಕೆ ಹಾಕಿದ. ಐದೇ ನಿಮಿಷಕ್ಕೆ ಫೋನ್! ಚೌಕಾಸಿಯಿಲ್ಲ, ಸೈಕಲ್ ನೋಡಬೇಕೆಂಬ ಆಸೆಯೂ ಇಲ್ಲ. ‘ಕ್ಯೂಆರ್ ಕೋಡ್ ಕಳಿಸಿದ್ದೀನಿ. ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬಂದುಬಿಡುತ್ತೆ’ ಎಂದ ಆಸಾಮಿ. ಗೆಳೆಯ ಒತ್ತಿದ. ಪರೀಕ್ಷಾ ಶುಲ್ಕಕ್ಕೆಂದು ಅವರಪ್ಪ ಅಡಿಕೆ ಮಾರಿ ಕಳಿಸಿದ್ದ ಹಣ ಹೋಯಿತು.

ಯುಪಿಐ ಲೆಕ್ಕ ಸರಳ. ಹಣ ಕಳಿಸಲು ಪಿನ್ ಬೇಕು, ಪಡೆಯಲು ಬೇಡವೇ ಬೇಡ.

ಗೇಮ್‌ನಲ್ಲೂ ಇದೇ ಕಥೆ. ‘ಉಚಿತ ಡೈಮಂಡ್’ ಎಂಬ ಲಿಂಕ್ ಒತ್ತಿದರೆ ತೆರೆದುಕೊಳ್ಳುವುದು ನಕಲಿ ಲಾಗಿನ್ ಪುಟ. ಪಾಸ್‌ವರ್ಡ್ ಹಾಕಿದರೆ ಖಾತೆ ಅವರ ಪಾಲು. ಆಮೇಲೆ ನಿಮ್ಮ ಹೆಸರಲ್ಲೇ ಗೆಳೆಯರಿಗೆಲ್ಲ ‘ಅರ್ಜೆಂಟ್, ಎರಡು ಸಾವಿರ ಹಾಕು ಮಗಾ’ ಎಂಬ ಮೆಸೇಜು. ಎರಡು ಹಂತದ ಪರಿಶೀಲನೆ ಆನ್ ಮಾಡಿಟ್ಟರೆ ಬರೀ ಪಾಸ್‌ವರ್ಡ್ ಕದ್ದವನಿಗೆ ಒಳಬರುವುದು ಕಷ್ಟ. ಆದರೆ ಒಟಿಪಿ ಯಾರಿಗೂ ಹೇಳಬಾರದು, ಅಷ್ಟೇ.

ಗೆಳೆಯ ನಾಚಿಕೆಯಿಂದ ಎರಡು ದಿನ ಬಾಯಿ ಬಿಡಲಿಲ್ಲ. ಕಳ್ಳನಿಗೆ ಬೇಕಾಗಿದ್ದೂ ಅದೇ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಹಾಗಾಗಿ ಯಾರಾದರೂ ಮೋಸ ಹೋದರೆ ‘ಎಂಜಿನಿಯರಿಂಗ್ ಓದ್ತೀಯ, ಇಷ್ಟೂ ಗೊತ್ತಿಲ್ವಾ?’ ಎಂದು ನಗಬೇಡಿ. ಪಕ್ಕದಲ್ಲಿ ಕೂತು ಮೊದಲು ಆ ಕರೆ ಮಾಡಿಸಿ.