ದೊಡ್ಡ ತರಗತಿಯ ಮೌನ ಮತ್ತು ಕ್ಲಿಕ್ಕರ್: ಒಂದು ವಿವೇಚನೆ

ನೂರಾರು ವಿದ್ಯಾರ್ಥಿಗಳು ಕುಳಿತಿರುವ ಉಪನ್ಯಾಸ ಮಂದಿರದಲ್ಲಿ ಅಧ್ಯಾಪಕರು ‘ಅರ್ಥವಾಯಿತೆ?’ ಎಂದು ಕೇಳಿದಾಗ ಸಾಮಾನ್ಯವಾಗಿ ದೊರೆಯುವ ಉತ್ತರ ಮೌನ. ಮೌನವು ಸಮ್ಮತಿಯ ಲಕ್ಷಣವೆಂಬ ಮಾತು ರೂಢಿಯಲ್ಲಿದೆ. ತರಗತಿಯಲ್ಲಾದರೋ ಅದು ಅರಿವಿನ ಲಕ್ಷಣವಾಗಿರಬಹುದು, ಅಂಜಿಕೆಯ ಲಕ್ಷಣವೂ ಆಗಿರಬಹುದು. ಮುಂದಿನ ಸಾಲಿನ ಇಬ್ಬರು ಮೂವರು ತಲೆಯಾಡಿಸಿದರೆ ಪಾಠ ಮುಂದುವರಿಯುತ್ತದೆ. ಉಳಿದವರ ಗ್ರಹಿಕೆ ಏನೆಂಬುದು ಪರೀಕ್ಷೆಯವರೆಗೆ ತಿಳಿಯುವುದೇ ಇಲ್ಲ. ಈ ಸಮಸ್ಯೆಗೆ ಅಮೆರಿಕದ ವಿಶ್ವವಿದ್ಯಾಲಯಗಳು ಕಂಡುಕೊಂಡ ಪರಿಹಾರಗಳಲ್ಲಿ ‘ಕ್ಲಿಕ್ಕರ್’ ಎಂಬುದೊಂದು. ಅದರ ಸ್ವರೂಪವನ್ನೂ ಅದರ ಹಿಂದಿರುವ ಬೋಧನಾಕ್ರಮವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ಲಿಕ್ಕರ್ ಎಂಬುದು ಟಿ.ವಿ. ರಿಮೋಟಿನಂತಹ ಒಂದು ಚಿಕ್ಕ ಸಾಧನ. ಅಧ್ಯಾಪಕರು ಪರದೆಯ ಮೇಲೆ ಬಹು ಆಯ್ಕೆಯ ಪ್ರಶ್ನೆಯೊಂದನ್ನು ತೋರಿಸುತ್ತಾರೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗೆ ಸರಿಯೆನಿಸಿದ ಉತ್ತರದ ಗುಂಡಿಯನ್ನು ಒತ್ತುತ್ತಾನೆ. ಕಂಪ್ಯೂಟರಿಗೆ ಜೋಡಿಸಿದ ಗ್ರಾಹಕವು ಉತ್ತರಗಳನ್ನು ಸ್ವೀಕರಿಸಿ, ಯಾವ ಆಯ್ಕೆಗೆ ಎಷ್ಟು ಮಂದಿ ಎಂಬುದನ್ನು ಕೆಲವೇ ಕ್ಷಣಗಳಲ್ಲಿ ಸ್ತಂಭನಕ್ಷೆಯಾಗಿ ತೋರಿಸುತ್ತದೆ. ಯಾರ ಉತ್ತರ ಯಾವುದೆಂಬುದು ಸಹಪಾಠಿಗಳಿಗೆ ತಿಳಿಯುವುದಿಲ್ಲ. ತಪ್ಪು ಹೇಳಿ ನಗೆಗೀಡಾಗುವೆನೆಂಬ ಭಯವಿಲ್ಲದೆ ಹಿಂದಿನ ಸಾಲಿನವನೂ ಉತ್ತರಿಸಬಲ್ಲನು. ಇಂದು ಇದೇ ಕೆಲಸವನ್ನು ಮೊಬೈಲ್ ಫೋನಿನಿಂದಲೂ ಮಾಡಿಸಬಹುದು.

ಆದರೆ ಈ ಕ್ರಮದ ಮೂಲವಿರುವುದು ಯಂತ್ರದಲ್ಲಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ ಅವರು ತಮ್ಮ ವಿದ್ಯಾರ್ಥಿಗಳು ಕಠಿಣವಾದ ಲೆಕ್ಕಗಳನ್ನು ಬಿಡಿಸುತ್ತಿದ್ದುದರಿಂದ ತಮ್ಮ ಬೋಧನೆ ಸಫಲವಾಗಿದೆಯೆಂದೇ ನಂಬಿದ್ದರು. ಬಳಿಕ ಬಲ, ಚಲನೆಗಳ ಮೂಲ ಪರಿಕಲ್ಪನೆಗಳನ್ನು ಕುರಿತ ಸರಳ ಪ್ರಶ್ನೆಗಳನ್ನು ಕೊಟ್ಟಾಗ ಅದೇ ವಿದ್ಯಾರ್ಥಿಗಳಲ್ಲಿ ಹಲವರು ಎಡವಿದರು. ಭಾರವಾದ ಲಾರಿಯೂ ಹಗುರವಾದ ಕಾರೂ ಡಿಕ್ಕಿ ಹೊಡೆದಾಗ ಯಾವುದರ ಮೇಲೆ ಹೆಚ್ಚು ಬಲ ಬೀಳುತ್ತದೆ ಎಂಬಂತಹ ಪ್ರಶ್ನೆಗಳವು. ನ್ಯೂಟನ್ನನ ಮೂರನೆಯ ನಿಯಮದಂತೆ ಎರಡರ ಮೇಲೂ ಬೀಳುವ ಬಲ ಸಮಾನ. ನಿಯಮವನ್ನು ಕಂಠಪಾಠ ಮಾಡಿದವರೂ ಕಾರಿನ ಮೇಲೆಯೇ ಹೆಚ್ಚೆಂದು ಭಾವಿಸುತ್ತಾರೆ. ತಾವು ಕಲಿಸಿದಂತೆ ಉತ್ತರಿಸಬೇಕೋ ಅಥವಾ ತನಗೆ ತೋಚಿದಂತೆ ಉತ್ತರಿಸಬೇಕೋ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದುದನ್ನು ಮಜೂರ್ ಅವರೇ ಹೇಳಿಕೊಂಡಿದ್ದಾರೆ. ಕಲಿತದ್ದು ಬೇರೆ, ನಂಬಿದ್ದು ಬೇರೆ ಎಂಬ ಈ ಬಿರುಕೇ ಅವರನ್ನು ಚಿಂತನೆಗೆ ಹಚ್ಚಿತು.

೧೯೯೧ರಲ್ಲಿ ಅವರು ಆರಂಭಿಸಿದ ಕ್ರಮವನ್ನು ‘ಸಹಪಾಠಿ ಬೋಧನೆ’ ಎನ್ನಬಹುದು. ಕಿರು ಉಪನ್ಯಾಸದ ನಂತರ ಒಂದು ಪ್ರಶ್ನೆ, ಒಂದೆರಡು ನಿಮಿಷಗಳ ಸ್ವಂತ ಆಲೋಚನೆ, ಮೊದಲ ಉತ್ತರ, ಪಕ್ಕದವರೊಡನೆ ಚರ್ಚೆ, ಮತ್ತೆ ಉತ್ತರ, ಕೊನೆಗೆ ಅಧ್ಯಾಪಕರ ವಿವರಣೆ. ಮೊದಲ ಸಲ ಸುಮಾರು ಶೇಕಡಾ ೩೫ರಿಂದ ೭೦ರಷ್ಟು ಮಂದಿ ಸರಿಯಾಗಿ ಉತ್ತರಿಸಿದಾಗ ಚರ್ಚೆ ಹೆಚ್ಚು ಫಲಕಾರಿ. ಅದಕ್ಕಿಂತ ಕಡಿಮೆಯಾದರೆ ಚರ್ಚಿಸಲು ತಳಹದಿಯಿಲ್ಲ, ಹೆಚ್ಚಾದರೆ ಚರ್ಚೆಯ ಅಗತ್ಯವಿಲ್ಲ. ಈ ಕ್ರಮವನ್ನು ಅಳವಡಿಸಿದ ಮೊದಲ ವರ್ಷದಲ್ಲಿಯೇ ಪರಿಕಲ್ಪನಾ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಸಾಧಿಸಿದ ಪ್ರಗತಿ ಹಿಂದಿನ ವರ್ಷಕ್ಕಿಂತ ಸುಮಾರು ಇಮ್ಮಡಿಯಾಯಿತೆಂದು ಕ್ಯಾಥರಿನ್ ಕ್ರೌಚ್ ಮತ್ತು ಮಜೂರ್ ೨೦೦೧ರ ಲೇಖನದಲ್ಲಿ ದಾಖಲಿಸಿದ್ದಾರೆ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಚರ್ಚೆಯ ನಂತರ ಸರಿಯುತ್ತರಗಳು ಹೆಚ್ಚುವುದು ಕಲಿಕೆಯಿಂದಲೋ ಅಥವಾ ಪಕ್ಕದ ಜಾಣನನ್ನು ಅನುಕರಿಸುವುದರಿಂದಲೋ? ಕೊಲರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರ ತರಗತಿಯಲ್ಲಿ ಮಿಷೆಲ್ ಸ್ಮಿತ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ೨೦೦೯ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲ ಪ್ರಶ್ನೆಗೆ ಸರಾಸರಿ ಶೇಕಡಾ ೫೨ರಷ್ಟಿದ್ದ ಸರಿಯುತ್ತರಗಳು ಚರ್ಚೆಯ ನಂತರ ೬೮ಕ್ಕೆ ಏರಿದವು. ಬಳಿಕ, ಸರಿಯುತ್ತರವನ್ನು ತಿಳಿಸದೆಯೇ, ಅದೇ ತತ್ತ್ವವನ್ನಾಧರಿಸಿದ ಬೇರೊಂದು ಪ್ರಶ್ನೆಗೆ ಪ್ರತಿಯೊಬ್ಬರೂ ಒಂಟಿಯಾಗಿ ಉತ್ತರಿಸುವಂತೆ ಮಾಡಲಾಯಿತು. ಆಗಲೂ ಶೇಕಡಾ ೭೩ರಷ್ಟು ಉತ್ತರಗಳು ಸರಿಯಾಗಿದ್ದವು. ಕೇವಲ ಅನುಕರಣೆಯಾಗಿದ್ದರೆ ಹೊಸ ಪ್ರಶ್ನೆಯ ಮುಂದೆ ಅದು ನಿಲ್ಲುತ್ತಿರಲಿಲ್ಲ.

ಹಾಗಾದರೆ ಯಂತ್ರದ ಪಾತ್ರವೆಷ್ಟು? ನಥಾನಿಯಲ್ ಲಾಸ್ರಿ ಅವರು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಲಿಕ್ಕರ್ ಬಳಸಿದವರಿಗೂ ಅಕ್ಷರ ಬರೆದ ರಟ್ಟಿನ ಚೀಟಿ ಎತ್ತಿ ತೋರಿಸಿದವರಿಗೂ ಕಲಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಮಜೂರ್ ಅವರ ತರಗತಿಯಲ್ಲಿಯೂ ಕ್ಲಿಕ್ಕರಿಗಿಂತ ಮೊದಲು ಚೀಟಿಗಳೇ ಬಳಕೆಯಲ್ಲಿದ್ದವು. ಯಂತ್ರದ ಅನುಕೂಲವೆಂದರೆ ಗೋಪ್ಯತೆ, ನಿಖರವಾದ ಎಣಿಕೆ ಮತ್ತು ದಾಖಲೆ. ಆದರೆ ಆ ದಾಖಲೆಯೇ ತೊಡಕೂ ಆಗಬಲ್ಲದು. ತಪ್ಪಿಗೆ ಅಂಕ ಕಳೆಯುವ ಕಡೆ ಜೋಡಿಯಲ್ಲಿ ಒಬ್ಬನ ಮಾತೇ ಮೇಲಾಗಿ ಮತ್ತೊಬ್ಬನು ಮೌನಕ್ಕೆ ಮರಳುವನೆಂದು ಮಾರ್ಕ್ ಜೇಮ್ಸ್ ಅವರ ೨೦೦೬ರ ಅಧ್ಯಯನ ಸೂಚಿಸುತ್ತದೆ.

ಇದು ವಿಜ್ಞಾನಕ್ಕೆ ಮಾತ್ರ ಸಲ್ಲುವ ವಿಧಾನವೆಂದು ಭಾವಿಸಬೇಕಾಗಿಲ್ಲ. ಕನ್ನಡ ವ್ಯಾಕರಣದ ತರಗತಿಯಲ್ಲಿ ‘ಆದೇಶ ಸಂಧಿ ಎಂದರೇನು?’ ಎಂಬುದು ಸ್ಮೃತಿಯನ್ನು ಅಳೆಯುವ ಪ್ರಶ್ನೆ. ‘ಮಳೆಗಾಲ, ದಿಗಂತ ಎರಡರಲ್ಲಿಯೂ ಕಕಾರಕ್ಕೆ ಗಕಾರ ಬಂದಿದೆ, ಎರಡೂ ಒಂದೇ ಸಂಧಿಯೆ?’ ಎಂಬುದು ಅರಿವನ್ನು ಅಳೆಯುವ ಪ್ರಶ್ನೆ. ‘ಕಕಾರಕ್ಕೆ ಗಕಾರ’ ಎಂದಷ್ಟೇ ನೆನಪಿಟ್ಟವನು ಹೌದೆನ್ನುತ್ತಾನೆ. ಮಳೆಗಾಲದಲ್ಲಿ ಬದಲಾದದ್ದು ಉತ್ತರಪದದ ಆದಿವ್ಯಂಜನ, ದಿಗಂತದಲ್ಲಿ ಬದಲಾದದ್ದು ಪೂರ್ವಪದದ ಅಂತ್ಯವ್ಯಂಜನ. ಮೊದಲನೆಯದು ಆದೇಶ, ಎರಡನೆಯದು ಜಶ್ತ್ವ ಎಂಬುದು ಪಕ್ಕದವನೊಡನೆ ವಾದಿಸುವಾಗ ಹೊಳೆಯುತ್ತದೆ. ಇದಕ್ಕೆ ನಾಲ್ಕು ರಟ್ಟಿನ ಚೀಟಿಗಳು ಸಾಕು.

ಒಟ್ಟಿನಲ್ಲಿ, ಕ್ಲಿಕ್ಕರ್ ಬಳಸಿದ ಮಾತ್ರಕ್ಕೆ ಕಲಿಕೆ ಸಿದ್ಧಿಸುವುದಿಲ್ಲ. ಪ್ರಶ್ನೆಯ ರಚನೆ, ಚರ್ಚೆಗೆ ಬಿಟ್ಟುಕೊಡುವ ಸಮಯ, ಬಂದ ಉತ್ತರಗಳನ್ನು ನೋಡಿ ಪಾಠವನ್ನು ಬದಲಿಸಿಕೊಳ್ಳುವ ಅಧ್ಯಾಪಕರ ಸಿದ್ಧತೆ ಇವು ಮುಖ್ಯ. ಇವುಗಳಿಗಾಗಿ ಪಾಠದ ವೇಗ ಸ್ವಲ್ಪ ಕುಗ್ಗುವುದು ಅನಿವಾರ್ಯ. ಪಠ್ಯಭಾಗವನ್ನು ಮುಗಿಸುವ ಅವಸರದಲ್ಲಿ ಈ ಬೆಲೆಯನ್ನು ತೆರಲು ನಾವು ಸಿದ್ಧರಿದ್ದೇವೆಯೆ ಎಂಬುದನ್ನು ಸಾಧನಗಳನ್ನು ಕೊಳ್ಳುವ ಮೊದಲೇ ನಿರ್ಧರಿಸಬೇಕಾಗಿದೆ.